ತಾಮರ್ ಲಡ್ಲೋ ಹಾಕಿದ ಮತ

ಸ್ಟೋನಿ ಫೋರ್ಡ್, ನ್ಯೂಜೆರ್ಸಿ
ಮಾರ್ಚ್ 3, 1800

ಮಗ ಲೆಮ್,

ನಿನಗೆ ನಾಲ್ಕು ತಿಂಗಳ ಸಜೆಯಾದ ಸುದ್ದಿ ನನಗೆ ಗೊತ್ತಾದದ್ದು ಚರ್ಚಿನಲ್ಲಿ. ಮುಂದಿನ ಸಾಲಿನ ಹೆಂಗಸರು ಗುಸುಗುಸು ಮಾತಾಡಿಕೊಂಡು, ಆಮೇಲೆ ನನ್ನ ಕಡೆ ತಿರುಗಿ ಅಯ್ಯೋ ಪಾಪ ಎನ್ನುವ ಮುಖ ಮಾಡಿದರು. ಹೆತ್ತ ತಾಯಿಗೆ ನೀನೇ ಒಂದು ಸಾಲು ಬರೆಯಬಹುದಿತ್ತು. ವಾರಕ್ಕೆ ನಾಲ್ಕು ಪುಟ ಪತ್ರಿಕೆ ತುಂಬಿಸುವವನಿಗೆ ಅಷ್ಟು ಶಾಯಿ ಉಳಿದಿರಲಿಲ್ಲವೇನೋ.

ನೀನು ಬರೆದದ್ದನ್ನು ಪಕ್ಕದ ತೋಟದ ಹೆಂಡ್ರಿಕ್ ವ್ಯಾನ್ ಡೋರನ್ ಓದಿ ಹೇಳಿದ. ಅಧ್ಯಕ್ಷರ ಪಕ್ಷವಾದ ನಮ್ಮ ಫೆಡರಲಿಸ್ಟರಿಗೆಲ್ಲ ಈ ಊರಲ್ಲಿ ಅವನೇ ಯಜಮಾನ, ನಿನಗೆ ಗೊತ್ತಲ್ಲ. ಅಧ್ಯಕ್ಷರು ಹೊಗಳಿಕೆ ಕೇಳದೆ ಊಟಕ್ಕೆ ಕೂರುವುದಿಲ್ಲ, ಅವರಿಗೆ ಒಂದು ಕಿರೀಟ ಮಾತ್ರ ಕಡಿಮೆಯಾಗಿದೆ ಎಂದು ಬರೆದೆಯಂತೆ. ಹೆಂಡ್ರಿಕ್ ಅದನ್ನು ಎರಡೆರಡು ಸಲ ಓದಿದ. ಎರಡನೇ ಸಲ ಓದುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

ನಿನ್ನ ಅಪ್ಪ ಬ್ರಿಟಿಷರ ಎದುರು ಸತ್ತ ಯುದ್ಧದಿಂದ ಹುಟ್ಟಿದ ಸರ್ಕಾರ ಇದು. ಇನ್ನೂ ಹನ್ನೆರಡು ವರ್ಷ ತುಂಬಿಲ್ಲ. ನಡೆಯಲು ಕಲಿಯುವ ಕೂಸಿಗೆ ದಿನಾ ಅಡ್ಡಗಾಲು ಹಾಕಿದರೆ ಅದು ನೆಟ್ಟಗೆ ನಿಲ್ಲುವುದು ಯಾವಾಗ? ಸರ್ಕಾರವನ್ನು ಹೀಯಾಳಿಸಿದರೆ ಜೈಲು ಎಂಬ ಕಾಯ್ದೆ ಇದೆ ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಈಗ ಅನುಭವಿಸು.

ಸಾಗಣೆ ಬಂಡಿಯವನ ಕೈಯಲ್ಲಿ ಒಣಸೇಬು, ಉಪ್ಪು ಹಾಕಿದ ಹಂದಿ ಮಾಂಸ, ಎರಡು ಜೊತೆ ಉಣ್ಣೆ ಕಾಲುಚೀಲ ಕಳಿಸಿದ್ದೇನೆ. ಜೈಲಿನ ನೆಲ ತಣ್ಣಗಿರುತ್ತದೆ.

ನಿನ್ನ ತಾಯಿ,
ತಾಮರ್ ಲಡ್ಲೋ

*

ಪೆರಿನ್ಸ್‌ಮಿಲ್ ಜೈಲು
ಮಾರ್ಚ್ 19, 1800

ಅಮ್ಮ,

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ಜೈಲರನೂ ಫೆಡರಲಿಸ್ಟನೇ. ಪೊಟ್ಟಣ ಬಿಚ್ಚಿ ನೋಡಿ ಒಂದು ಹಿಡಿ ಸೇಬು ಬಾಯಿಗೆ ಹಾಕಿಕೊಂಡು, "ನಿಮ್ಮಮ್ಮ ನಮ್ಮ ಕಡೆಯೋರಂತೆ. ಅದಕ್ಕೇ ಇಷ್ಟು ರುಚಿ" ಅಂದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಇನ್ನೊಂದು ಕೇಸು ಹಾಕಿಸಿಕೊಳ್ಳುವ ಆಸೆ ಇಲ್ಲ.

ಪತ್ರಿಕೆ ನಿಂತಿಲ್ಲ. ಹೆಟ್ಟಿಯೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದಾಳೆ. ನಿನ್ನ ಸೊಸೆಯ ತೋಳು ಈಗ ನನ್ನ ತೋಳಿಗಿಂತ ಗಟ್ಟಿ. ಸುದ್ದಿ ತಿಳಿಸದೆ ಇದ್ದದ್ದು ತಪ್ಪು. ಎರಡು ಸಲ ಬರೆದು ಎರಡು ಸಲ ಹರಿದೆ. ನೀನು ಏನು ಹೇಳುತ್ತೀಯ ಎಂದು ಗೊತ್ತಿತ್ತು, ಹಾಗೆಯೇ ಹೇಳಿದೆ.

ಕೂಸಿನ ಮಾತು ಸರಿ ಅಮ್ಮ. ಆದರೆ ಈ ಕೂಸಿನ ಕೈಯಲ್ಲಿ ಸೈನ್ಯ ಇದೆ, ಬೀಗದ ಕೈ ಇದೆ. ಅದಕ್ಕೇ ಹಿರಿಯರು ಮೊದಲೇ ಸಂವಿಧಾನ ಬರೆದಿಟ್ಟರು. ಅದು ಬರೆದದ್ದು ನನಗಲ್ಲ, ಸರ್ಕಾರಕ್ಕೆ. ಇಲ್ಲಿಯವರೆಗೆ ನಿನ್ನ ಜಾಗ, ಇದರಾಚೆ ಕಾಲಿಡಬೇಡ ಎಂದು. ಪತ್ರಿಕೆಯ ಬಾಯಿ ಕಟ್ಟುವ ಕಾಯ್ದೆಯನ್ನು ಕಾಂಗ್ರೆಸ್ಸು ಮಾಡಕೂಡದು ಎಂದು ಅದರಲ್ಲಿದೆ. ಮಾಡಿದರು. ನಾನು ಅಧ್ಯಕ್ಷರ ಬಗ್ಗೆ ಬರೆದ ಮಾತು ಒರಟಾಗಿತ್ತು, ಒಪ್ಪುತ್ತೇನೆ. ಆದರೆ ತಮಗೆ ಹಿಡಿಸುವ ಮಾತನ್ನು ಅಚ್ಚು ಹಾಕಲು ಯಾವ ದೊರೆಯೂ ಬೇಡ ಎಂದಿಲ್ಲ. ಹಿಡಿಸದ ಮಾತೂ ಅಚ್ಚಾಗಬೇಕು. ಅಷ್ಟಕ್ಕೇ ನಾನು ಇಲ್ಲಿ ಕೂತಿರುವುದು.

ನಿನಗೆ ನಾಚಿಕೆಯಾಗಿದ್ದರೆ ಹೇಳಿಬಿಡು. ಸುತ್ತಿ ಬಳಸಿ ಬರೆಯಬೇಡ.

ನಿನ್ನ ಮಗ,
ಲೆಮ್ಯುಯೆಲ್

*

ಸ್ಟೋನಿ ಫೋರ್ಡ್
ಮೇ 11, 1800

ಲೆಮ್,

ಹೌದು, ನಾಚಿಕೆಯಾಗಿದೆ. ನೀನು ಕೇಳಿದೆ, ನಾನು ಹೇಳಿದ್ದೇನೆ.

ಸೇಬಿನ ಹೂವು ಈ ಸಲ ದಟ್ಟವಾಗಿ ಬಂದಿದೆ. ಸೇಬು ಹಿಂಡಿ ಸೈಡರ್ ಮಾಡುವ ಗಾಣಕ್ಕೆ ಹೊಸ ತಿರುಪು ಹಾಕಿಸಿದೆ. ಬೆಣ್ಣೆ ಕಳಿಸಿದ್ದೇನೆ, ಜೈಲರನಿಗೆ ಕೊಡಬೇಡ.

ತಾಮರ್ ಲಡ್ಲೋ

*

ಪೆರಿನ್ಸ್‌ಮಿಲ್
ಜುಲೈ 5, 1800

ಅಮ್ಮ,

ಬಿಡುಗಡೆಯಾಯಿತು. ಜೈಲಿನ ಬಾಗಿಲಿಗೆ ಇನ್ನೂರು ಜನ ಬಂದಿದ್ದರು. ಕೊಳಲು, ತಮಟೆ, ಬಾವುಟ. ನಮ್ಮ ರಿಪಬ್ಲಿಕನ್ ಪಕ್ಷದ ಸಮಿತಿಯ ಮುಖ್ಯಸ್ಥ ಆರನ್ ಪಿಯರ್ಸನ್ ತಮ್ಮ ಸ್ವಂತ ಗಾಡಿಯಲ್ಲಿ ನನ್ನನ್ನು ಕೂರಿಸಿ ಊರೆಲ್ಲ ಸುತ್ತಿಸಿದರು. ಅಚ್ಚುಕೂಟದ ಕಟ್ಟಡ ಅವರದೇ. ನಾಲ್ಕು ತಿಂಗಳು ಹೆಟ್ಟಿಗೆ ಅವರು ಒಂದು ದಿನವೂ ಬಾಡಿಗೆ ಕೇಳಲಿಲ್ಲ.

ನಿನ್ನೆ ಸ್ವಾತಂತ್ರ್ಯ ದಿನದ ಊಟಕ್ಕೆ ಬರಬೇಕೆಂದು ನಿನಗೆ ಹೇಳಿಕಳಿಸಿದ್ದೆ. ನೀನು ಬರಲಿಲ್ಲ. ಹೆಟ್ಟಿ ಸಂಜೆಯವರೆಗೂ ರಸ್ತೆ ನೋಡುತ್ತಲೇ ಇದ್ದಳು. ನಾನೂ ನೋಡಿದೆ.

ಲೆಮ್

*

ಸ್ಟೋನಿ ಫೋರ್ಡ್
ಅಕ್ಟೋಬರ್ 16, 1800

ಲೆಮ್,

ಮೂರು ತಿಂಗಳು ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಆದರೆ ಇವತ್ತು ರಾಜ್ಯ ಶಾಸನಸಭೆಯ ಚುನಾವಣೆಯಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಚುನಾವಣೆ ಬಂದಾಗಲೆಲ್ಲ ಹೆಂಡ್ರಿಕ್ ಬಂಡಿ ಕಟ್ಟಿ ಸ್ವಂತ ಆಸ್ತಿ ಇರುವ ಊರಿನ ವಿಧವೆಯರನ್ನು ಮತ ಹಾಕಿಸಲು ಮನೆ ಮನೆಯಿಂದ ಕರೆದುಕೊಂಡು ಹೋಗುತ್ತಾನಲ್ಲ, ಈ ಸಲ ಆ ಬಂಡಿ ನನ್ನ ಮನೆ ಮುಂದೆಯೇ ಹಾದು ಹೋಯಿತು, ನಿಲ್ಲಲಿಲ್ಲ. ನಾನು ಟೋಪಿ ಹಾಕಿಕೊಂಡು, ಶಾಲು ಹೊದ್ದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಬಂಡಿಯಲ್ಲಿದ್ದ ವಿಧವೆ ಕಾಂಗರ್ ನನ್ನ ಕಡೆ ನೋಡಲೇ ಇಲ್ಲ. ಎರಡು ಮೈಲಿ ನಡೆದುಕೊಂಡು ಹೋದೆ. ರಸ್ತೆಯಲ್ಲಿ ಮೊಣಕಾಲುದ್ದ ಕೆಸರು.

ಹೋಟೆಲಿನ ದೊಡ್ಡ ಕೋಣೆಯಲ್ಲಿ ಮತದ ಪೆಟ್ಟಿಗೆ ಇಟ್ಟು ಹೆಂಡ್ರಿಕ್ ಮೇಜಿನ ಹಿಂದೆ ಕೂತಿದ್ದ. ಈ ವರ್ಷವೂ ಅವನೇ ಅಧಿಕಾರಿ. ನನ್ನನ್ನು ಕಂಡವನೇ ಗಂಟಲು ಸರಿಮಾಡಿಕೊಂಡ.

"ಲಡ್ಲೋ ಅಮ್ಮಾವ್ರೆ, ಸ್ವಲ್ಪ ನಿಂತ್ಕೊಳ್ಳಿ. ನಿಮ್ಮ ಮತದ ಬಗ್ಗೆ ಒಂದು ತಕರಾರು ಬಂದಿದೆ."

"ಯಾರದು ತಕರಾರು?"

"ಅದು... ನಂದೇ ಅಂತಿಟ್ಕೊಳ್ಳಿ. ಹೆಂಗಸರ ಮತ ಅಂದ್ರೆ ನೋಡಿ, ಅದೊಂದು ಸೂಕ್ಷ್ಮ ವಿಚಾರ."

"ಹೋದ ವರ್ಷ ಸೂಕ್ಷ್ಮ ಇರ್ಲಿಲ್ವಾ? ಹೋದ ವರ್ಷ ನೀನೇ ಕೈ ಹಿಡಿದು ಬಂಡಿ ಹತ್ತಿಸಿದ್ಯಲ್ಲೋ ಹೆಂಡ್ರಿಕ್. ಕಾಲಿಗೆ ಕಂಬಳಿ ಬೇರೆ ಹೊದಿಸಿದ್ದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನ ಕಿವಿ ಕೆಂಪಾಯಿತು. ಮೆಲ್ಲಗೆ ಮುಂದಕ್ಕೆ ಬಾಗಿ, "ನಿಮ್ಮ ಮಗ ಜೈಲಿಗೆ ಹೋಗಿ ಬಂದಿದಾನೆ. ತಾಯಿ ಕರುಳು ಹೇಗಿರುತ್ತೆ ಅಂತ ನಮಗೆ ಗೊತ್ತಾಗಲ್ವಾ? ಸುಮ್ನೆ ಮನೆಗೆ ಹೋಗಿ" ಅಂದ.

ಇಪ್ಪತ್ತು ವರ್ಷದಿಂದ ಈ ಮನುಷ್ಯನ ಪಕ್ಕದ ಸಾಲಿನಲ್ಲಿ ಕೂತು ಪ್ರಾರ್ಥನೆ ಮಾಡಿದ್ದೇನೆ ಲೆಮ್. ಅವನ ಹೆಂಡತಿಯ ನಾಲ್ಕು ಬಾಣಂತನ ಮಾಡಿದ್ದೇನೆ. ನನ್ನ ತಲೆಯಲ್ಲಿ ಏನಿದೆ ಎಂದು ಅವನು ನನ್ನನ್ನು ಕೇಳಲಿಲ್ಲ, ನಿನ್ನನ್ನು ನೋಡಿ ತೀರ್ಮಾನ ಮಾಡಿದ. ನನಗೆ ಮೈಯೆಲ್ಲ ಉರಿಯಿತು.

ಮೇಜಿನ ಮೇಲೆ ಕಾನೂನಿನ ಪುಸ್ತಕ ಇಟ್ಟಿದ್ದರು. "ಹೆಂಡ್ರಿಕ್, ನಮ್ಮ ರಾಜ್ಯದ ಸಂವಿಧಾನ ತೆಗಿ. ಮತ ಯಾರು ಹಾಕಬಹುದು ಅಂತಿದೆ, ಗಟ್ಟಿಯಾಗಿ ಓದು" ಎಂದೆ. ಅವನು ಪುಟ ತಿರುವುತ್ತಲೇ ಕೂತ. ಕೊನೆಗೆ ಓದಿದ. ವಯಸ್ಸಿಗೆ ಬಂದ, ಐವತ್ತು ಪೌಂಡಿನ ಆಸ್ತಿ ಇರುವ, ಜಿಲ್ಲೆಯಲ್ಲಿ ಒಂದು ವರ್ಷ ವಾಸವಾಗಿರುವ ಎಲ್ಲ ನಿವಾಸಿಗಳು.

"ನನ್ನ ತೋಟ ಐವತ್ತು ಪೌಂಡ್ ಬಾಳಲ್ವಾ?"

"ಬಾಳುತ್ತೆ."

"ನಾನು ಇಲ್ಲಿ ವಾಸ ಮಾಡ್ತಿಲ್ವಾ? ಹಾಗಿದ್ರೆ ಇಷ್ಟು ವರ್ಷ ನೀನು ಕುಡಿದ ಸೈಡರ್ ಹಿಂಡಿದ್ದು ದೆವ್ವಾನಾ?"

"ಅಮ್ಮಾವ್ರೆ..."

"ತಾಯಿ ಕರುಳು ಇದ್ದೋರಿಗೆ ಮತ ಇಲ್ಲ ಅಂತ ಅದ್ರಲ್ಲಿ ಬರೆದಿದ್ರೆ ತೋರ್ಸು, ಹೋಗ್ತೀನಿ. ಇಲ್ದಿದ್ರೆ ಪೆಟ್ಟಿಗೆ ಮೇಲಿಂದ ಕೈ ತೆಗಿ."

ಕೈ ತೆಗೆದ. ನಾನು ಮತ ಹಾಕಿದೆ. ಕಿಟಕಿಯ ಹೊರಗೆ ನಿಂತಿದ್ದ ನಿಮ್ಮ ರಿಪಬ್ಲಿಕನ್ ಹುಡುಗರು ಕೂಗಿ ಟೋಪಿ ಹಾರಿಸಿದರು. ವಾಪಸ್ಸು ಎರಡು ಮೈಲಿ ನಡೆದದ್ದು ಗೊತ್ತೇ ಆಗಲಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ಇಂಥ ಹೆಮ್ಮೆ ಒಳ್ಳೆಯದಲ್ಲ ಎಂದು ಪಾದ್ರಿಗಳು ಹೇಳಬಹುದು. ಹೇಳಲಿ.

ನಿನ್ನ ತಾಯಿ,
ತಾಮರ್ ಲಡ್ಲೋ

*

ಪೆರಿನ್ಸ್‌ಮಿಲ್
ಅಕ್ಟೋಬರ್ 25, 1800

ನನ್ನಮ್ಮ,

ನಿನ್ನ ಪತ್ರವನ್ನು ಹೆಟ್ಟಿಗೆ ಎರಡು ಸಲ ಓದಿ ಹೇಳಿದೆ. ಪತ್ರಿಕೆ ಇದರೊಟ್ಟಿಗೆ ಇದೆ. ಮೊದಲ ಪುಟವೇ ನಿನ್ನದು. "ಸೆರೆಗೆ ಹೋದ ಮುದ್ರಕನ ತಾಯಿ, ತನ್ನ ಹಳೆಯ ಪಕ್ಷದ ದಬ್ಬಾಳಿಕೆಗೆ ಬೆನ್ನು ತಿರುಗಿಸಿ, ಸ್ವಾತಂತ್ರ್ಯದ ಪರವಾಗಿ ಮತ ಹಾಕಿದ ವೀರ ವಿಧವೆ." ಮುನ್ನೂರು ಪ್ರತಿ ಮುಗಿದು ಮತ್ತೆ ಇನ್ನೂರು ಹಾಕಿದೆವು. ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಚುನಾವಣೆ. ಪಿಯರ್ಸನ್ ನಿನ್ನ ಕಥೆಯನ್ನು ಊರೂರಿಗೆ ಕಳಿಸಿದ್ದಾರೆ. "ನಿಮ್ಮಮ್ಮ ಒಬ್ಳೇ ಐದು ಭಾಷಣಕ್ಕೆ ಸಮ ಕಣಯ್ಯಾ" ಅಂದರು.

ನೀನು ನನ್ನ ಕಡೆ ಬಂದೆಯಲ್ಲ, ಅಷ್ಟು ಸಾಕು ನನಗೆ.

ನಿನ್ನ ಮಗ,
ಲೆಮ್

*

ಸ್ಟೋನಿ ಫೋರ್ಡ್
ನವೆಂಬರ್ 2, 1800

ಲೆಮ್ಯುಯೆಲ್ ಲಡ್ಲೋ,

ನಾನು ಯಾರಿಗೆ ಮತ ಹಾಕಿದೆ ಎಂದು ನಿನಗೆ ಯಾರು ಹೇಳಿದರು? ನಾನಂತೂ ಹೇಳಲಿಲ್ಲ. ನನ್ನ ಪತ್ರ ನಿನ್ನ ಹತ್ತಿರವೇ ಇದೆ, ತೆಗೆದು ಇನ್ನೊಮ್ಮೆ ಓದು.

ನಾನು ಹಾಕಿದ್ದು ಫೆಡರಲಿಸ್ಟರಿಗೆ. ಅಷ್ಟೂ ಹೆಸರು. ಮನೆಯಿಂದ ಬರೆದುಕೊಂಡು ಹೋದ ಚೀಟಿ, ಅದನ್ನೇ ಹಾಕಿದೆ. ಹೆಂಡ್ರಿಕ್ ಮೂರ್ಖ ಎಂಬ ಕಾರಣಕ್ಕೆ ನಾನು ಹನ್ನೆರಡು ವರ್ಷ ನಂಬಿದ್ದು ಸುಳ್ಳಾಗುವುದಿಲ್ಲ.

ಅವನು ನನ್ನನ್ನು ನಿನ್ನ ತಾಯಿ ಎಂದು ತಡೆದ. ನೀನು ನನ್ನನ್ನು ನಿನ್ನ ತಾಯಿ ಎಂದು ಮೆರೆಸಿದೆ. ಇಬ್ಬರಿಗೂ ನನ್ನ ಕತ್ತಿನ ಮೇಲೆ ಒಂದು ತಲೆ ಇದೆ ಎಂದು ಹೊಳೆಯಲಿಲ್ಲ. ಅವನ ಮೇಲೆ ಬಂದದ್ದು ಬರೀ ಸಿಟ್ಟು. ನಿನ್ನ ಪತ್ರಿಕೆ ಓದಿ ನಾನು ಅತ್ತೆ.

ಕೆಳಗಿನದನ್ನು ನಿನ್ನ ಪತ್ರಿಕೆಯಲ್ಲಿ ಹಾಕು.

"ಮುದ್ರಕರಿಗೆ. ಅಕ್ಟೋಬರ್ ತಿಂಗಳ ನಿಮ್ಮ ಪತ್ರಿಕೆಯಲ್ಲಿ ನನ್ನ ಬಗ್ಗೆ ಬರೆದದ್ದು ಸುಳ್ಳು. ಮತ ಹಾಕುವ ನನ್ನ ಹಕ್ಕನ್ನು ಫೆಡರಲಿಸ್ಟ್ ಅಧಿಕಾರಿ ತಡೆದದ್ದು ನಿಜ. ಸಂವಿಧಾನ ಓದಿಸಿ ನಾನು ಅದನ್ನು ಪಡೆದುಕೊಂಡದ್ದೂ ನಿಜ. ಆದರೆ ಆ ಮತವನ್ನು ನಾನು ಫೆಡರಲಿಸ್ಟರಿಗೇ ಹಾಕಿದೆ. ನನಗೆ ಹಕ್ಕು ಕೊಟ್ಟದ್ದು ಹೆಂಡ್ರಿಕ್ ವ್ಯಾನ್ ಡೋರನ್ ಅಲ್ಲ, ಆದ್ದರಿಂದ ಅವನ ಮೇಲಿನ ಕೋಪಕ್ಕೆ ನನ್ನ ಮತವನ್ನು ಬದಲಾಯಿಸಲಿಲ್ಲ. ತಾಮರ್ ಲಡ್ಲೋ, ಸ್ಟೋನಿ ಫೋರ್ಡ್."

ಡಿಸೆಂಬರಿನ ಮತದಾನಕ್ಕೆ ಮುಂಚೆ ಅಚ್ಚಾಗಬೇಕು.

ತಾಮರ್ ಲಡ್ಲೋ

*

ಪೆರಿನ್ಸ್‌ಮಿಲ್
ನವೆಂಬರ್ 13, 1800

ಅಮ್ಮ,

ತಪ್ಪಾಯಿತು. ಆಸೆಯಲ್ಲಿ ಓದಿದೆ, ಬರೆಯದೆ ಇದ್ದದ್ದನ್ನೂ ಓದಿಕೊಂಡೆ. ಖಂಡಿತ ಅಚ್ಚು ಹಾಕುತ್ತೇನೆ. ಆದರೆ ಡಿಸೆಂಬರ್ ಇಪ್ಪತ್ನಾಲ್ಕರವರೆಗೆ ತಡೆ, ಬೇಡಿಕೊಳ್ಳುತ್ತೇನೆ. ಮತದಾನ ಮುಗಿದ ಮರುವಾರವೇ ಹಾಕುತ್ತೇನೆ.

ನಿನ್ನ ಪತ್ರವನ್ನು ಪಿಯರ್ಸನ್‌ಗೆ ತೋರಿಸಿದೆ. ತೋರಿಸಬಾರದಿತ್ತು. "ಇದನ್ನ ಈಗ ಹಾಕಿದ್ರೆ ಜಿಲ್ಲೆಯೆಲ್ಲಾ ನಮ್ಮನ್ನ ಸುಳ್ಳುಬುರುಕರು ಅಂತ ನಗುತ್ತೆ. ಆಮೇಲೆ ನಿನ್ನ ಅಚ್ಚಿನ ಯಂತ್ರ ಬೀದೀಲಿ ಇಟ್ಕೋಬೇಕಾಗುತ್ತೆ, ನೆನಪಿರ್ಲಿ" ಅಂದರು. ನನ್ನನ್ನು ಜೈಲಿಗೆ ಕಳಿಸಿದ ಆ ಕಾಯ್ದೆ ಹೋಗಬೇಕಾದರೆ ನಾವು ಗೆಲ್ಲಲೇಬೇಕು. ಆರು ವಾರ ತಡವಾದರೆ ಸತ್ಯ ಹಳಸುವುದಿಲ್ಲ. ಹೆಟ್ಟಿ ಬಸುರಿ. ಚಳಿಗಾಲದಲ್ಲಿ ಅವಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?

ಲೆಮ್

*

ಸ್ಟೋನಿ ಫೋರ್ಡ್
ನವೆಂಬರ್ 20, 1800

ಲೆಮ್,

ಹೆಟ್ಟಿಯ ಸುದ್ದಿ ಕೇಳಿ ಸಂತೋಷವಾಯಿತು. ಅವಳು ಅಚ್ಚಿನ ಯಂತ್ರದ ಸನ್ನೆಕೋಲು ಎಳೆಯುವುದು ಇವತ್ತಿನಿಂದಲೇ ನಿಲ್ಲಬೇಕು.

ಹಿಡಿಸದ ಮಾತೂ ಅಚ್ಚಾಗಬೇಕು, ಅಷ್ಟಕ್ಕೇ ಇಲ್ಲಿ ಕೂತಿದ್ದೇನೆ ಎಂದು ಜೈಲಿನಿಂದ ನೀನು ನನಗೆ ಬರೆದೆ. ಅವತ್ತು ನಾನು ಒಪ್ಪಲಿಲ್ಲ. ಮೇಜಿನ ಮುಂದೆ ಹೆಂಡ್ರಿಕ್ ಕೈಯಲ್ಲಿ ಆ ಪುಸ್ತಕ ಓದಿಸುವಾಗ ನಿನ್ನ ಮಾತು ಅರ್ಥವಾಯಿತು. ಬರೆದಿಟ್ಟದ್ದು ನಮ್ಮವರನ್ನೂ ಕಟ್ಟಿಹಾಕದಿದ್ದರೆ ಅದನ್ನು ಬರೆದು ಏನು ಪ್ರಯೋಜನ?

ನಿನ್ನನ್ನು ಕಟ್ಟಿಹಾಕುವ ಕಾಯ್ದೆ ಯಾವುದೂ ಇಲ್ಲ. ನೀನು ಸರ್ಕಾರವಲ್ಲ, ಪತ್ರಿಕೆ ನಿನ್ನದು. ಹಾಕದೆ ಇರಬಹುದು. ಮತ್ತೆ ಕೇಳುವುದಿಲ್ಲ, ಬೈಯುವುದೂ ಇಲ್ಲ. ಆದರೆ ನೀನು ಯಾತಕ್ಕೆ ಜೈಲಿಗೆ ಹೋಗಿದ್ದೆ ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ, ಅದನ್ನೊಂದು ತಿಳಿಸು.

ನಿನ್ನ ತಾಯಿ

*

ಪೆರಿನ್ಸ್‌ಮಿಲ್
ಡಿಸೆಂಬರ್ 6, 1800

ಅಮ್ಮ,

ಪತ್ರಿಕೆ ಇದರೊಟ್ಟಿಗೆ ಇದೆ. ಮೊದಲ ಪುಟ, ಮೊದಲ ಅಂಕಣ, ನಮ್ಮಲ್ಲಿರುವ ದೊಡ್ಡ ಮೊಳೆ. ಒಂದಕ್ಷರ ಬದಲಾಯಿಸಿಲ್ಲ. ಕೆಳಗೆ ನನ್ನದು ಎರಡೇ ಸಾಲು: "ಮೇಲಿನದು ಸತ್ಯ. ಮೊದಲು ಬರೆದದ್ದು ಈ ಮುದ್ರಕನ ತಪ್ಪು, ಇನ್ಯಾರದೂ ಅಲ್ಲ."

ಹತ್ತು ದಿನ ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಹೆಟ್ಟಿಯೇ ಮೊಳೆಯ ಪೆಟ್ಟಿಗೆ ಎಳೆದು ನನ್ನ ಮುಂದೆ ಇಟ್ಟು, "ನೀವು ಜೋಡಿಸ್ತೀರೋ, ನಾನೇ ಜೋಡಿಸ್ಲೋ?" ಅಂದಳು. ನಾನೇ ಜೋಡಿಸಿದೆ.

ಪಿಯರ್ಸನ್ ಆವತ್ತೇ ಮಧ್ಯಾಹ್ನ ಬಂದರು. ವರ್ಷದ ಕೊನೆಗೆ ಜಾಗ ಖಾಲಿ ಮಾಡಬೇಕಂತೆ. ದಾರಿಯಲ್ಲಿ ಕಂಡ ಕೆಲವರು ನನ್ನನ್ನು ಕಂಡು ಆಚೆ ಬದಿಗೆ ಹೋದರು. ಜುಲೈನಲ್ಲಿ ಗಾಡಿಯ ಹಿಂದೆ ಓಡಿ ಬಂದವರೇ. ಜೈಲಿನ ನಾಲ್ಕು ತಿಂಗಳು ಇದಕ್ಕಿಂತ ಸುಲಭವಾಗಿತ್ತು ಅಮ್ಮ, ಅಲ್ಲಿ ನನಗೆ ಬೀಗ ಹಾಕಿದವರು ನನ್ನವರಾಗಿರಲಿಲ್ಲ.

ನಾನು ಯಾತಕ್ಕೆ ಜೈಲಿಗೆ ಹೋಗಿದ್ದೆ ಎಂದು ಕೇಳಿದವರಿಗೆ ಈ ಪತ್ರಿಕೆಯನ್ನು ತೋರಿಸು.

ಲೆಮ್ಯುಯೆಲ್

*

ಸ್ಟೋನಿ ಫೋರ್ಡ್
ಡಿಸೆಂಬರ್ 24, 1800

ಲೆಮ್,

ನಿನ್ನೆ ಮತ ಹಾಕಿ ಬಂದೆ. ಹೆಂಡ್ರಿಕ್ ಬಂಡಿ ಈ ಸಲ ನನ್ನ ಬಾಗಿಲಲ್ಲಿ ನಿಂತಿತ್ತು. ಬೇಡ ಎಂದೆ, ನಡೆದೇ ಹೋದೆ. ಪತ್ರಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ.

ಹೋಟೆಲಿನಲ್ಲಿ ನಮ್ಮ ಪಕ್ಷದವರೆಲ್ಲ ಅದನ್ನು ಆಗಲೇ ಓದಿ ಕುಣಿಯುತ್ತಿದ್ದರು. ಹೆಂಡ್ರಿಕ್ ಎದ್ದು ನಿಂತು, "ಬನ್ನಿ ಅಮ್ಮಾವ್ರೆ, ಬನ್ನಿ. ನಿಮ್ಮ ಮಗ ತನ್ನ ಪಕ್ಷದ ಮುಖಕ್ಕೆ ತಾನೇ ಮಸಿ ಬಳಿದ್ಬಿಟ್ಟ. ಎಂಥಾ ದಡ್ಡ" ಅಂದ. ಎಲ್ಲರೂ ನಕ್ಕರು.

ಅವರು ನಕ್ಕು ಮುಗಿಸುವವರೆಗೂ ಕಾದೆ. ಆಮೇಲೆ ಹೇಳಿದೆ.

"ಈ ಕೋಣೇಲಿ ಎಷ್ಟು ಜನ ಗಂಡಸರಿದೀರಿ? ನಿಮ್ಮ ಪಕ್ಷ ಸೋಲುತ್ತೆ ಅಂತ ಗೊತ್ತಿದ್ದೂ, ಇರೋ ಸೂರು ಹೋಗುತ್ತೆ ಅಂತ ಗೊತ್ತಿದ್ದೂ, ಎದುರು ಪಕ್ಷದೋರ ಸತ್ಯಾನ ಮೊದಲನೇ ಪುಟದಲ್ಲಿ ಹಾಕೋರು ಒಬ್ರಾದ್ರೂ ಇದ್ರೆ ಮುಂದೆ ಬನ್ನಿ. ನಾನು ನಿಂತಿರ್ತೀನಿ."

ಯಾರೂ ಬರಲಿಲ್ಲ. ಹೆಂಡ್ರಿಕ್ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದ. ಅವನು ಪೂರ್ತಿ ಕೆಟ್ಟವನಲ್ಲ, ಕಣ್ಣು ಕೆಳಗೆ ಹಾಕಿದ್ದ. "ನನ್ನ ಮಗನ್ನ ಜೈಲಿಗೆ ಹಾಕಿದ ಕಾಯ್ದೆ ತಪ್ಪು ಹೆಂಡ್ರಿಕ್. ನಮ್ಮವರೇ ಮಾಡಿದ್ದು, ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮತ ಹಾಕಿದೆ. ಯಾರಿಗೆ ಹಾಕಿದೆ ಎಂದು ಈ ಸಲ ನಿನಗೂ ಹೇಳುವುದಿಲ್ಲ.

ಮೇ ತಿಂಗಳಲ್ಲಿ ನಾಚಿಕೆಯಾಗಿದೆ ಎಂದು ಬರೆದಿದ್ದೆ. ನೇರವಾಗಿ ಕೇಳಿದ್ದಕ್ಕೆ ನೇರವಾಗಿ ಹೇಳಿದ್ದೆ. ಈಗ ನೀನು ಕೇಳದಿದ್ದರೂ ಹೇಳುತ್ತೇನೆ. ನಿನ್ನನ್ನು ಹೆತ್ತದ್ದಕ್ಕೆ ನನಗೆ ಹೆಮ್ಮೆಯಾಗಿದೆ. ನಿನ್ನಪ್ಪ ಇದ್ದಿದ್ದರೆ ಆ ಪತ್ರಿಕೆಯನ್ನು ಕುದುರೆ ಮೇಲೆ ಊರೂರಿಗೆ ಹೊತ್ತುಕೊಂಡು ಹೋಗುತ್ತಿದ್ದ.

ಖಾಲಿ ಬಿದ್ದಿರುವ ನನ್ನ ಹಳೆಯ ಕೊಟ್ಟಿಗೆಗೆ ಹಲಗೆಯ ನೆಲ ಹಾಕಿಸುತ್ತಿದ್ದೇನೆ, ಒಲೆ ಇಡಲು ಗೋಡೆ ಕಟ್ಟಿಸುತ್ತಿದ್ದೇನೆ. ಹಿಮ ಗಟ್ಟಿಯಾದ ಕೂಡಲೇ ಜಾರುಬಂಡಿಯಲ್ಲಿ ಯಂತ್ರ, ಮೊಳೆ, ಹೆಟ್ಟಿ ಎಲ್ಲವನ್ನೂ ತೆಗೆದುಕೊಂಡು ಬಾ. ಹೆಟ್ಟಿಯನ್ನು ಮೊದಲು ಇಳಿಸು. ಅಲ್ಲಿ ಕೂತು ನನ್ನ ಪಕ್ಷದ ವಿರುದ್ಧ ನಿನಗೆ ಏನು ಅನ್ನಿಸುತ್ತದೋ ಎಲ್ಲ ಬರೆದು ಅಚ್ಚು ಹಾಕು. ತಪ್ಪು ಕಂಡರೆ ನಾನು ಅಂಗಳ ದಾಟಿ ಬಂದು ಬರೆದುಕೊಡುತ್ತೇನೆ, ಅದನ್ನೂ ಹಾಕು.

ನಿನ್ನ ತಾಯಿ,
ತಾಮರ್ ಲಡ್ಲೋ